84 ಚದರ ಅಡಿ, ಎರಡು ದೊಡ್ಡ ನಾಯಿ

84 ಚದರ ಅಡಿ ಎಂದರೆ ಎಷ್ಟು ಜಾಗ? ನಮ್ಮ ಹಾಸ್ಟೆಲ್‌ನಲ್ಲಿ ಇಬ್ಬರಿಗೆ ಕೊಡುವ ಕೋಣೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ. ಅದು ನೂರು ಚದರ ಅಡಿ. ಅದಕ್ಕಿಂತಲೂ ಚಿಕ್ಕದಾದ, ಗಾಲಿಗಳ ಮೇಲಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅದರೊಳಗೆ ಮಂಚ, ಒಲೆ, ಸಿಂಕ್, ಕಪಾಟು, ಸೋಫಾ ಎಲ್ಲವೂ ಇವೆ. ಇರುವವರು ಗಂಡ, ಹೆಂಡತಿ. ಜೊತೆಗೆ 36 ಕೆ.ಜಿ. ತೂಕದ ಒಂದು ಜರ್ಮನ್ ಶೆಫರ್ಡ್, 32 ಕೆ.ಜಿ. ತೂಕದ ಒಂದು ಲ್ಯಾಬ್ರಡಾರ್. ನಾಲ್ವರೂ ನಾಲ್ಕು ರಾತ್ರಿ ಅಲ್ಲೇ ಮಲಗಬೇಕು. ಹೇಗೆ?

ಇದು ಸೆಮಿಸ್ಟರ್ ಪರೀಕ್ಷೆಯ ಪ್ರಶ್ನೆಯಲ್ಲ. ಅಮೆರಿಕದ ಡೆನ್ವರ್ ನಗರದಲ್ಲಿರುವ ನನ್ನ ಚಿಕ್ಕಮ್ಮ ಕಳೆದ ವರ್ಷ ಫೋನಿನಲ್ಲಿ ಕೇಳಿದ್ದು. "ನೀನು ಮೆಕ್ಯಾನಿಕಲ್ ಓದ್ತಿದೀಯಲ್ಲ ಪುಟ್ಟಾ, ನಮ್ಮ ಟ್ರೇಲರ್‌ಗೆ ಒಂದು ಡ್ರಾಯಿಂಗ್ ಮಾಡ್ಕೊಡು. ಭೀಮನೂ ರಾಣಿಯೂ ಹಿಡಿಸ್ಬೇಕು" ಅಂದರು. ಹಾಗೆ, ಡಿಗ್ರಿ ಮುಗಿಯುವ ಮೊದಲೇ ನನಗೆ ಇಬ್ಬರು ಗ್ರಾಹಕರು ಸಿಕ್ಕರು. ಇಬ್ಬರಿಗೂ ಮಾತು ಬರುವುದಿಲ್ಲ.

ಬಿಟ್ಟು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಊರಿಗೆ ಹೋಗುವವರು ನಾಯಿಗಳನ್ನು ಬಿಡಲು ಅಲ್ಲಿ ಬೋರ್ಡಿಂಗ್ ವ್ಯವಸ್ಥೆ ಇದೆ. ಆದರೆ ಭೀಮನಿಗೆ ಆಗ ಹನ್ನೊಂದು ವರ್ಷ. ಜರ್ಮನ್ ಶೆಫರ್ಡ್ ಮಟ್ಟಿಗೆ ಅದು ಅಜ್ಜನ ವಯಸ್ಸು. ಈ ತಳಿಗೆ ಸಾಮಾನ್ಯವಾಗಿ ಕಾಡುವ ಸೊಂಟದ ಕೀಲಿನ ತೊಂದರೆ ಅವನಿಗೂ ಇತ್ತು. ಮೆಟ್ಟಿಲು ಹತ್ತಿಸಬೇಡಿ, ನೆಗೆಯಲು ಬಿಡಬೇಡಿ ಎಂದು ಪಶುವೈದ್ಯರು ಹೇಳಿದ್ದರು. "ಅವನಿಗೆ ಇನ್ನೆಷ್ಟು ಪ್ರವಾಸ ಉಳಿದಿದ್ಯೋ ಗೊತ್ತಿಲ್ಲ. ಅವನನ್ನ ಬಿಟ್ಟು ನಾವು ಹೋಗೋದಿಲ್ಲ" ಎಂದರು ಚಿಕ್ಕಮ್ಮ. ಭೀಮನಿಗೆ ಜಾಗವಾಗದಿದ್ದರೆ ಪ್ರವಾಸವೇ ಇಲ್ಲ. ಲೆಕ್ಕ ಅಷ್ಟು ನೇರವಾಗಿತ್ತು.

ಎಂಜಿನ್ ಇಲ್ಲದ ಮನೆ

ಕ್ಯಾರವಾನ್ ಅಂದ ಕೂಡಲೇ ನಮಗೆ ನೆನಪಾಗುವುದು ಸಿನಿಮಾ ಚಿತ್ರೀಕರಣದ ಜಾಗದಲ್ಲಿ ನಿಂತಿರುವ ತಾರೆಯರ ಬಸ್ಸು. ಟ್ರಾವೆಲ್ ಟ್ರೇಲರ್ ಅಂಥದ್ದಲ್ಲ. ಇದಕ್ಕೆ ಸ್ವಂತ ಎಂಜಿನ್ ಇಲ್ಲ. ಟ್ರ್ಯಾಕ್ಟರ್ ಹಿಂದಿನ ಟ್ರೇಲರ್‌ನಂತೆ ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗಬೇಕು. ಕ್ಯಾಂಪ್‌ಗ್ರೌಂಡ್ ತಲುಪಿದ ಮೇಲೆ ಕೊಂಡಿ ಬಿಚ್ಚಿ, ಕಾಲು ಊರಿಸಿದರೆ ಅದೇ ಮನೆ.

ಚಿಕ್ಕವಾದ, ಹಗುರವಾದ ಫೈಬರ್‌ಗ್ಲಾಸ್ ಟ್ರೇಲರ್‌ಗಳ ಕತೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಷ್ಟವಾಗುವಂಥದ್ದು. ಕೆನಡಾದ ವಿನಿಪೆಗ್‌ನಲ್ಲಿ ರೇ ಒಲೆಕೊ ಎಂಬಾತ ಫೈಬರ್‌ಗ್ಲಾಸ್‌ನಿಂದ ಸೆಪ್ಟಿಕ್ ಟ್ಯಾಂಕ್ ತಯಾರಿಸಿದ್ದ. ಅದೇ ವಸ್ತುವಿನಿಂದ ಮನೆಯನ್ನೂ ಮಾಡಬಹುದಲ್ಲ ಎಂದು ಅವನಿಗೆ ಹೊಳೆಯಿತು. ಮೇಲಿನ ಅರ್ಧ, ಕೆಳಗಿನ ಅರ್ಧ ಎರಡನ್ನೂ ಬೇರೆ ಬೇರೆ ಅಚ್ಚಿನಲ್ಲಿ ತೆಗೆದು ನಡುವಿನಲ್ಲಿ ಜೋಡಿಸಿದರೆ ಮೊಟ್ಟೆಯಂಥ ಟ್ರೇಲರ್ ಸಿದ್ಧ. 1968ರಲ್ಲಿ ಬಂದ ಆ 13 ಅಡಿಯ ಟ್ರೇಲರ್‌ನ ಹೆಸರು 'ಬೋಲರ್'. ಸಣ್ಣ ಕಾರೂ ಎಳೆಯಬಲ್ಲ ಮನೆ ಅದು. ಚಿಕ್ಕಪ್ಪ ಕೊಂಡಿರುವುದು ಅದೇ ಜಾತಿಯ, ಬೇರೆ ಕಂಪನಿಯ, 16 ಅಡಿಯ ಹಳೆಯ ಟ್ರೇಲರ್. ಅದರಲ್ಲಿ ಮೂರು ಅಡಿ ಕೊಂಡಿಯ ಭಾಗಕ್ಕೇ ಹೋಗುತ್ತದೆ. ಒಳಗೆ ಉಳಿಯುವುದು 13 ಅಡಿ ಉದ್ದ, ಆರೂವರೆ ಅಡಿ ಅಗಲ.

ನಾಯಿಯ ಜೊತೆ ಹೀಗೆ ಊರು ಸುತ್ತುವುದಕ್ಕೆ ಅಲ್ಲಿ ಹಳೆಯ ಪರಂಪರೆಯೇ ಇದೆ. ಲೇಖಕ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಪಿಕಪ್ ಟ್ರಕ್ಕಿನ ಬೆನ್ನಿಗೆ ಪುಟ್ಟ ಮನೆ ಕೂರಿಸಿಕೊಂಡು, ಚಾರ್ಲಿ ಎಂಬ ಪೂಡಲ್ ನಾಯಿಯೊಂದಿಗೆ ಅಮೆರಿಕ ಸುತ್ತಿದ. ಆ ಪ್ರವಾಸದ ಪುಸ್ತಕ 1962ರಲ್ಲಿ ಬಂತು. ಅದೇ ವರ್ಷ ಅವನಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ಅಲ್ಲಿ ಇದ್ದದ್ದು ಒಬ್ಬ ಮನುಷ್ಯ, ಒಂದು ನಾಯಿ. ನಮ್ಮ ಸಮಸ್ಯೆ ಅದರ ಎರಡು ಪಟ್ಟು.

ದೊಡ್ಡ ಟ್ರೇಲರ್ ಕೊಂಡರೆ ಆಗದೇ? ಆಗುವುದಿಲ್ಲ. ಚಿಕ್ಕಪ್ಪನ ಕಾರು ಎಳೆಯಬಹುದಾದ ಗರಿಷ್ಠ ತೂಕ 3,500 ಪೌಂಡ್, ಅಂದರೆ ಸುಮಾರು 1,590 ಕೆ.ಜಿ. ದೊಡ್ಡ ಟ್ರೇಲರ್‌ಗೆ ದೊಡ್ಡ ವಾಹನ ಬೇಕು, ದೊಡ್ಡ ವಾಹನಕ್ಕೆ ದೊಡ್ಡ ಸಾಲ ಬೇಕು. ಇರುವುದರಲ್ಲೇ ಹಿಡಿಸಬೇಕು.

ಸೀಮೆಸುಣ್ಣದ ನಾಯಿ

ಮೊದಲು ಟ್ರೇಲರ್‌ನ ಅಳತೆ ತರಿಸಿಕೊಂಡೆ. ಹಿಂಭಾಗದ ಮಂಚಕ್ಕೆ 29 ಚದರ ಅಡಿ, ಎರಡೂ ಬದಿಯ ಅಡುಗೆ ಕಟ್ಟೆ ಮತ್ತು ಕಪಾಟಿಗೆ 25, ಮುಂಭಾಗದ ಸೋಫಾಕ್ಕೆ 15. ನಡುವೆ ಓಡಾಡಲು ಉಳಿಯುವುದು ಸುಮಾರು 15. ಅದೂ ಎರಡೂವರೆ ಅಡಿ ಅಗಲದ ಓಣಿ.

ಆಮೇಲೆ ನಾಯಿಗಳ ಅಳತೆ. ಅಂತರ್ಜಾಲದಲ್ಲಿ ಯಾವ ತಳಿಯ ಎತ್ತರ ಎಷ್ಟು ಎಂದು ಹುಡುಕಿದರೆ ಭುಜದವರೆಗಿನ ಎತ್ತರ ಸಿಗುತ್ತದೆ. ಆದರೆ ಮಲಗಿದ ನಾಯಿಗೆ ಎಷ್ಟು ಜಾಗ ಬೇಕು ಎಂದು ಭುಜದ ಎತ್ತರ ಹೇಳುವುದಿಲ್ಲ. ಹಾಗಾಗಿ ಚಿಕ್ಕಮ್ಮನಿಗೆ ಒಂದು ಕೆಲಸ ಕೊಟ್ಟೆ. ಭೀಮ ಗ್ಯಾರೇಜಿನ ನೆಲದ ಮೇಲೆ ನಿದ್ದೆ ಹೋದಾಗ ಅವನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಿರಿ, ಪಕ್ಕದಲ್ಲಿ ಟೇಪು ಇಟ್ಟು ಮೇಲಿನಿಂದ ಫೋಟೊ ತೆಗೆಯಿರಿ ಎಂದೆ. ನನಗೆ ರಾತ್ರಿ ಎಂಟೂವರೆ ಆದಾಗ ಅವರಿಗೆ ಬೆಳಿಗ್ಗೆ ಒಂಬತ್ತು. ಒಂದು ವಾರ ಹಾಸ್ಟೆಲ್ ಊಟ ಮುಗಿಸಿ ಬರುವಷ್ಟರಲ್ಲಿ ನನ್ನ ಫೋನಿಗೆ ನಾಯಿಗಳ ನಕ್ಷೆ ಬಂದು ಬಿದ್ದಿರುತ್ತಿತ್ತು. ಅವನ್ನು ಕ್ಯಾಡ್ ತಂತ್ರಾಂಶಕ್ಕೆ ಹಾಕಿ ಗೆರೆ ತೆಗೆದೆ.

ಅದರಲ್ಲಿ ಒಂದು ಕುತೂಹಲದ ಸಂಗತಿ ಕಂಡಿತು. ಸೆಕೆಯ ಮಧ್ಯಾಹ್ನ ಭೀಮ ಕಾಲು ಚಾಚಿ ಮಲಗಿದರೆ 130 ಸೆಂ.ಮೀ. ಉದ್ದ, 65 ಸೆಂ.ಮೀ. ಅಗಲ. ಸುಮಾರು ಒಂಬತ್ತು ಚದರ ಅಡಿ. ತಂಪಾದ ಬೆಳಗಿನ ಜಾವ ಮುದುಡಿಕೊಂಡರೆ 80 ಸೆಂ.ಮೀ. ವ್ಯಾಸದ ವೃತ್ತ. ಐದೂವರೆ ಚದರ ಅಡಿ ಸಾಕು. ಹೊರಗೆ ತೆರೆದುಕೊಂಡ ಮೈ ಹೆಚ್ಚಾದಷ್ಟೂ ಶಾಖ ಹೆಚ್ಚು ಹೋಗುತ್ತದೆ ಎಂದು ನಾವು ಹೀಟ್ ಟ್ರಾನ್ಸ್‌ಫರ್ ಪಾಠದಲ್ಲಿ ಓದುತ್ತೇವೆ. ಭೀಮ ಅದನ್ನು ಓದದೆಯೇ ಬಲ್ಲ. ಅಂದರೆ ನಾಯಿಗೆ ಬೇಕಾದ ಜಾಗ ಒಂದೇ ಸಂಖ್ಯೆಯಲ್ಲ. ಸೆಕೆ ಹೆಚ್ಚಿದಂತೆ ಜಾಗವೂ ಹೆಚ್ಚು ಬೇಕು.

ಎರಡೂ ನಾಯಿಗಳು ಚಾಚಿ ಮಲಗಿದರೆ ಹದಿನೇಳು, ಹದಿನೆಂಟು ಚದರ ಅಡಿ ಬೇಕು. ಓಣಿ ಇರುವುದೇ ಹದಿನೈದು. ನಡುರಾತ್ರಿ ಬಾಗಿಲಿಗೆ ಹೋಗಬೇಕಾದ ಮನುಷ್ಯ ಕಾಲಿಡುವುದೆಲ್ಲಿ? ಇನ್ನೊಂದು ತೊಂದರೆಯೂ ಇತ್ತು. ಮೂಗಿನಿಂದ ಬಾಲದ ಬುಡದವರೆಗೆ ಒಂದು ಮೀಟರ್ ಉದ್ದದ ನಾಯಿ ಮುಕ್ಕಾಲು ಮೀಟರ್ ಓಣಿಯಲ್ಲಿ ಸಲೀಸಾಗಿ ತಿರುಗಲಾರದು. ಸಂದಿಗೆ ನುಗ್ಗಿದ ಲಾರಿಯಂತೆ ರಿವರ್ಸ್ ಬರಬೇಕು. ಹಿಂಗಾಲಿನ ಕೀಲು ಸೋತ ನಾಯಿಗೆ ಹಿಂದಕ್ಕೆ ನಡೆಯುವುದೇ ಕಷ್ಟ. ಹಾಗಾಗಿ ಭೀಮನಿಗೆ ಮಲಗಲು ಮಾತ್ರವಲ್ಲ, ತಿರುಗಲೂ ಜಾಗ ಬೇಕಿತ್ತು.

ಸೋಫಾಕ್ಕೆ ವಿದಾಯ

ಚಿಕ್ಕಪ್ಪನ ಯೋಚನೆ ಎರಡು ಕಬ್ಬಿಣದ ಕ್ರೇಟ್ ಇಡುವುದಾಗಿತ್ತು. ಲ್ಯಾಬ್ರಡಾರ್ ಗಾತ್ರದ ನಾಯಿಗೆ ಕೊಡುವ ಕ್ರೇಟ್ 42 ಇಂಚು ಉದ್ದ, 28 ಇಂಚು ಅಗಲ. ಒಂದಕ್ಕೇ ಎಂಟು ಚದರ ಅಡಿ. ಎರಡಿಟ್ಟರೆ ಓಣಿ ಮುಚ್ಚಿಹೋಗುತ್ತದೆ. ಅದೂ ಅಲ್ಲದೆ, ನಾಯಿ ಹೊರಗಿದ್ದಾಗಲೂ ಕ್ರೇಟ್ ಜಾಗ ತಿನ್ನುತ್ತಲೇ ಇರುತ್ತದೆ.

ಹಾಗಾಗಿ ಇಡುವುದರ ಬದಲು ತೆಗೆಯುವುದೇನು ಎಂದು ನೋಡಿದೆ. ಮುಂಭಾಗದ ಸೋಫಾ ಮರದ ಚೌಕಟ್ಟಿನದು, ನಾಲ್ಕು ಬೋಲ್ಟ್ ಬಿಚ್ಚಿದರೆ ಹೊರಗೆ. ಅದು ಹೋದರೆ ಆರೂವರೆ ಅಡಿ ಉದ್ದ, ಎರಡೂಕಾಲು ಅಡಿ ಅಗಲದ ಬರಿ ನೆಲ ಸಿಗುತ್ತದೆ. ಅಲ್ಲಿ ಭೀಮನ ದಪ್ಪ ಫೋಮ್ ಹಾಸಿಗೆ. ಹಾಸಿಗೆಯ ಪಕ್ಕ ಉಳಿಯುವ ನೆಲ ಓಣಿಗೆ ಕೂಡಿಕೊಂಡು, ಬಸ್ಸು ತಿರುಗಿಸುವ ಬಯಲಿನಂತೆ ಅವನು ತಿರುಗುವ ಜಾಗವಾಗುತ್ತದೆ.

ರಾಣಿಯ ಜಾಗವನ್ನು ರಾಣಿಯೇ ಹೇಳಿದಳು. ಮನೆಯಲ್ಲಿ ಅವಳು ಮಧ್ಯಾಹ್ನ ಮಲಗುವುದು ಊಟದ ಮೇಜಿನ ಕೆಳಗೆ. ಮೇಲೆ ಸೂರಿದ್ದರೆ ಅವಳಿಗೆ ನೆಮ್ಮದಿ. ಅದಕ್ಕೆ ಹಿಂದಿನ ಮಂಚವನ್ನು ಎಂಟು ಇಂಚು ಎತ್ತರಿಸಿ, ಕೆಳಗೆ 24 ಇಂಚಿನ ತೆರಪು ಮಾಡಿಸಿದೆವು. ಅರ್ಧ ಭಾಗ ಅವಳ ಗುಹೆ, ಉಳಿದರ್ಧ ಬಟ್ಟೆಬರೆಯ ಮೆತ್ತನೆ ಚೀಲಗಳಿಗೆ. ವಿನೈಲ್ ನೆಲ ಜಾರುತ್ತದೆ ಎಂದು ಬಾಗಿಲಿನಿಂದ ಹಾಸಿಗೆಯವರೆಗೆ ರಬ್ಬರ್ ಮ್ಯಾಟ್ ಹಾಸಿದ್ದಾಯಿತು.

ಉಳಿದದ್ದು ಸಮಯದ ಹಂಚಿಕೆ. ಬೆಳಿಗ್ಗೆ ಮೊದಲು ನಾಯಿಗಳು ಹೊರಗೆ, ಆಮೇಲೆ ಮನುಷ್ಯರು ಮಂಚದಿಂದ ಕೆಳಗೆ. ಒಬ್ಬರು ಅಡುಗೆ ಮಾಡುವಾಗ ಇನ್ನೊಬ್ಬರು ನಾಯಿಗಳ ಜೊತೆ ಹೊರಗಿನ ನೆರಳಿನಲ್ಲಿ. ನಾಯಿಗಳ ಊಟ, ನೀರು ಹಗಲೆಲ್ಲ ಹೊರಗೇ. ಒಂದೇ ಓಣಿ ಆರು ಗಂಟೆಗೆ ದಾರಿ, ಎಂಟಕ್ಕೆ ಅಡುಗೆಮನೆ, ರಾತ್ರಿ ಹತ್ತಕ್ಕೆ ಮಲಗುವ ಕೋಣೆ. ಒಂದೇ ಲ್ಯಾಬ್‌ನಲ್ಲಿ ಮೂರು ಬ್ಯಾಚ್ ನಡೆಸುವ ಕಾಲೇಜಿನ ಟೈಮ್‌ಟೇಬಲ್ ಕೂಡ ಇದೇ ತಾನೇ? ಚಿಕ್ಕ ಮನೆಯಲ್ಲಿ ಜಾಗ ಹುಟ್ಟುವುದು ಹೊತ್ತನ್ನು ಹಂಚಿಕೊಂಡಾಗ.

ಕಣ್ಣಿಗೆ ಕಾಣದ ಎರಡು ಲೆಕ್ಕ

ಚದರ ಅಡಿ ಕೂಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮೊದಲನೆಯದು ತೂಕ. ಓಡುವಾಗ ನಾಯಿಗಳನ್ನು ಟ್ರೇಲರ್‌ನಲ್ಲಿ ಬಿಡುವಂತಿಲ್ಲ, ಅದು ಅಪಾಯ. ಅವು ಕಾರಿನ ಹಿಂಭಾಗದಲ್ಲಿ, ಬೆಲ್ಟ್ ಕಟ್ಟಿಕೊಂಡು. ಅವಕ್ಕೆ ಜಾಗ ಬಿಡಲು ಕಾರಿನಲ್ಲಿದ್ದ ಸಾಮಾನು ಟ್ರೇಲರ್‌ಗೆ ಹೋಗಬೇಕು. ನಾಯಿಗಳ ಹಾಸಿಗೆ, ಆಹಾರದ ಚೀಲ, ನೀರಿನ ಕ್ಯಾನು, ಮಡಚುವ ಬೇಲಿ, ಹೊರಗೆ ಹಾಕುವ ಮೇಜು ಕುರ್ಚಿ ಸೇರಿ 70 ಕೆ.ಜಿ.

ಅದನ್ನು ಎಲ್ಲಿಡಬೇಕು? ಟ್ರೇಲರ್‌ನ ಒಟ್ಟು ತೂಕದ ಶೇ 10ರಿಂದ 15ರಷ್ಟು ಭಾರ ಕಾರಿನ ಕೊಂಡಿಯ ಮೇಲೆ ಕೂರಬೇಕು ಎಂಬುದು ಅಲ್ಲಿ ಎಲ್ಲರೂ ಪಾಲಿಸುವ ಸೂತ್ರ. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಅಲ್ಲಾಡಿಸತೊಡಗುತ್ತದೆ. ಜೋರಾದರೆ ಕಾರನ್ನೂ ಎಳೆದುಕೊಂಡು ಮಗುಚಬಹುದು. ಚಿಕ್ಕಪ್ಪನ ಟ್ರೇಲರ್ 1,300 ಕೆ.ಜಿ., ಕೊಂಡಿಯ ಮೇಲಿನ ಭಾರ 150 ಕೆ.ಜಿ. ಆಕ್ಸಲ್‌ನಿಂದ ಕೊಂಡಿ ಮೂರು ಮೀಟರ್ ಮುಂದೆ. ಎಪ್ಪತ್ತು ಕೆ.ಜಿ.ಯನ್ನು ಆಕ್ಸಲ್‌ನಿಂದ ಒಂದೂವರೆ ಮೀಟರ್ ಹಿಂದೆ, ಮಂಚದ ಕೆಳಗೆ ತುಂಬಿದರೆ ಏನಾಗುತ್ತದೆ? 70ನ್ನು 1.5ರಿಂದ ಗುಣಿಸಿ ಮೂರರಿಂದ ಭಾಗಿಸಿ. ಕೊಂಡಿಯ ಮೇಲಿಂದ 35 ಕೆ.ಜಿ. ಏಳುತ್ತದೆ. ಉಳಿಯುವುದು 115. ಈಗ ಒಟ್ಟು ತೂಕ 1,370. ಅಂದರೆ ಶೇ 8.4. ಅಪಾಯದ ಗೆರೆಯ ಆಚೆ. ಅದೇ ಸಾಮಾನನ್ನು ಸರಿಯಾಗಿ ಆಕ್ಸಲ್‌ನ ಮೇಲೆ, ಓಣಿಯಲ್ಲಿ ಇಟ್ಟು ಬೆಲ್ಟ್ ಬಿಗಿದರೆ ಕೊಂಡಿಯ ಭಾರ ಬದಲಾಗುವುದಿಲ್ಲ. ಶೇ 10.9. ಪ್ರಯಾಣದಲ್ಲಿ ಓಣಿ ಖಾಲಿಯೇ ತಾನೇ? ಹಗಲಿನ ಗೋದಾಮು ರಾತ್ರಿಯ ದಾರಿ. ಇದು ಮೊದಲ ವರ್ಷದ ಎಂಜಿನಿಯರಿಂಗ್ ಮೆಕ್ಯಾನಿಕ್ಸ್. ತಕ್ಕಡಿಯ ದಂಡದ ಲೆಕ್ಕ. ಪರೀಕ್ಷೆಯಲ್ಲಿ ಐದು ಅಂಕ, ಹೆದ್ದಾರಿಯಲ್ಲಿ ನಾಲ್ಕು ಜೀವ.

ಎರಡನೆಯದು ಶಾಖ. ಪ್ರಾಣಿಯ ತೂಕದಿಂದ ಅದು ವಿಶ್ರಾಂತಿಯಲ್ಲಿ ಖರ್ಚು ಮಾಡುವ ಶಕ್ತಿಯನ್ನು ಅಂದಾಜಿಸಲು ಪಶುವೈದ್ಯರು ಬಳಸುವ ಒಂದು ಸೂತ್ರವಿದೆ. ಅದರ ಪ್ರಕಾರ ಈ ಎರಡೂ ನಾಯಿಗಳು ಸುಮ್ಮನೆ ಮಲಗಿದ್ದರೂ ಸೇರಿ ಸುಮಾರು 95 ವ್ಯಾಟ್ ಶಾಖ ಹೊರಹಾಕುತ್ತವೆ. ಹಳೆಯ ಕಾಲದ ನೂರು ಕ್ಯಾಂಡಲ್ ಬಲ್ಬು ಬಿಡದೆ ಉರಿದಂತೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುತ್ತಾ ನೀರು ಆವಿಯಾಗಿಸಿ ಮೈ ತಂಪು ಮಾಡಿಕೊಳ್ಳುತ್ತದೆ. ಮುಚ್ಚಿದ ಚಿಕ್ಕ ಕೋಣೆಯಲ್ಲಿ ಆ ಆವಿ ಗಾಳಿಯಲ್ಲೇ ತುಂಬಿಕೊಳ್ಳುತ್ತದೆ. ಗಾಳಿ ತೇವವಾದಷ್ಟೂ ಏದುಸಿರು ಕೆಲಸ ಮಾಡುವುದಿಲ್ಲ.

ಹೊರಗೆ 21 ಡಿಗ್ರಿ ಸೆಲ್ಸಿಯಸ್ ಇರುವ ಹಿತವಾದ ದಿನದಲ್ಲೂ ಬಿಸಿಲಿಗೆ ನಿಲ್ಲಿಸಿ ಮುಚ್ಚಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ 40 ಡಿಗ್ರಿ ದಾಟಬಹುದು. ಟ್ರೇಲರ್‌ನಲ್ಲಿ ಎ.ಸಿ. ಇದ್ದರೂ ಅದು ಕ್ಯಾಂಪ್‌ಗ್ರೌಂಡಿನ ವಿದ್ಯುತ್ತನ್ನು ನಂಬಿಕೊಂಡಿದೆ. ಅವರು ಹೊರಟಿದ್ದ ಗ್ರೇಟ್ ಸ್ಯಾಂಡ್ ಡ್ಯೂನ್ಸ್ ರಾಷ್ಟ್ರೀಯ ಉದ್ಯಾನದ ಕ್ಯಾಂಪ್‌ಗ್ರೌಂಡಿನಲ್ಲಿ ಟ್ರೇಲರ್‌ಗೆ ವಿದ್ಯುತ್ ಸಂಪರ್ಕವೇ ಇಲ್ಲ. ಅದಕ್ಕೆ ಡ್ರಾಯಿಂಗ್‌ನ ಮೂಲೆಯಲ್ಲಿ ಒಂದು ಸಾಲು ಬರೆದೆ: ಹಗಲು ನಾಯಿಗಳನ್ನು ಒಳಗೆ ಬಿಟ್ಟು ಯಾರೂ ಎಲ್ಲಿಗೂ ಹೋಗಬಾರದು. ರಾತ್ರಿಗೆ ಚಾವಣಿಯ 14 ಇಂಚಿನ ಕಿಂಡಿಯಲ್ಲಿ ಬ್ಯಾಟರಿ ಫ್ಯಾನ್, ಭೀಮನ ಹಾಸಿಗೆಯ ಪಕ್ಕದ ಕಿಟಕಿ ಎರಡು ಬೆರಳು ತೆರೆದು. ತಂಪು ಗಾಳಿ ಕೆಳಗಿನಿಂದ ಒಳಗೆ, ಬಿಸಿ ಆವಿ ಮೇಲಿನಿಂದ ಹೊರಗೆ.

ಇಳಿಜಾರು ಮತ್ತು ಮರಳು

ಟ್ರೇಲರ್‌ನ ನೆಲ ಭೂಮಿಯಿಂದ 60 ಸೆಂ.ಮೀ. ಮೇಲೆ. ಮಡಚುವ ಮೆಟ್ಟಿಲು ಕಿರಿದು, ಜಾಲರಿಯದು. ಭೀಮನಿಗಂತೂ ಅದು ಆಗದು. 180 ಸೆಂ.ಮೀ. ಉದ್ದದ ಹಲಗೆ ಇಟ್ಟರೆ ಇಳಿಜಾರು ಹತ್ತೊಂಬತ್ತೂವರೆ ಡಿಗ್ರಿ. ಹಲಗೆ 120 ಸೆಂ.ಮೀ. ಆದರೆ 30 ಡಿಗ್ರಿ. ಮುದಿ ನಾಯಿಗೆ ಈ ಹತ್ತು ಡಿಗ್ರಿಯೇ ಹೋಗುವುದಕ್ಕೂ ಉಳಿಯುವುದಕ್ಕೂ ಇರುವ ವ್ಯತ್ಯಾಸ. ಚಿಕ್ಕಪ್ಪ ಪ್ಲೈವುಡ್ ಹಲಗೆಗೆ ಹಳೆಯ ಕಾರ್ಪೆಟ್ ಅಂಟಿಸಿ, ಹೊರಡುವ ಹದಿನೈದು ದಿನ ಮೊದಲೇ ಮನೆಯಂಗಳದಲ್ಲಿ ಅಭ್ಯಾಸ ಶುರು ಮಾಡಿದರು. ಮೊದಲು ಹಲಗೆ ನೆಲದ ಮೇಲೆ ಚಪ್ಪಟೆ. ಆಮೇಲೆ ಒಂದು ಇಟ್ಟಿಗೆ ಎತ್ತರ. ಆಮೇಲೆ ಎರಡು. ಕೊನೆಗೆ ಟ್ರೇಲರ್ ಬಾಗಿಲು.

ಹೊರಟದ್ದು ಸೆಪ್ಟೆಂಬರ್ ಕೊನೆಯಲ್ಲಿ. ಅದಕ್ಕೂ ಕಾರಣವಿದೆ. ಕೊಲೊರಾಡೊ ದಕ್ಷಿಣದ ಈ ಉದ್ಯಾನದಲ್ಲಿ ಉತ್ತರ ಅಮೆರಿಕದ ಅತಿ ಎತ್ತರದ ಮರಳು ದಿಬ್ಬಗಳಿವೆ, 740 ಅಡಿಯವರೆಗೆ. ಅಮೆರಿಕದ ಹಲವು ರಾಷ್ಟ್ರೀಯ ಉದ್ಯಾನಗಳು ನಾಯಿಗಳನ್ನು ಕಾಲುದಾರಿಗೆ ಬಿಡುವುದಿಲ್ಲ. ಇಲ್ಲಿ ದಿಬ್ಬಗಳ ಮುಂಭಾಗಕ್ಕೆ ಬಿಡುತ್ತಾರೆ, ಆರು ಅಡಿಗಿಂತ ಉದ್ದವಿಲ್ಲದ ಹಗ್ಗ ಕಟ್ಟಿರಬೇಕು ಅಷ್ಟೆ. ಆದರೆ ಬೇಸಿಗೆಯ ಮಧ್ಯಾಹ್ನ ಆ ಮರಳು 65 ಡಿಗ್ರಿಯವರೆಗೆ ಕಾಯುತ್ತದೆ. ನಾಯಿಯ ಪಾದ ಸುಟ್ಟುಹೋಗುತ್ತದೆ. ಸೆಪ್ಟೆಂಬರ್ ಕೊನೆಯ ಬೆಳಗಿನಲ್ಲಿ ತಂಪು.

ಭೀಮ ಹಲಗೆ ಹತ್ತಿದ, ತನ್ನ ಜಾಗದಲ್ಲಿ ಒಂದು ಸುತ್ತು ತಿರುಗಿದ, ಮಲಗಿದ. ರಾಣಿ ಮೊದಲ ರಾತ್ರಿ ತನ್ನ ಗುಹೆಯಲ್ಲೇ ಇದ್ದಳು. ಎರಡನೆಯ ರಾತ್ರಿ ಚಳಿ ಜಾಸ್ತಿಯಾದಾಗ ಎದ್ದು ಬಂದು ಭೀಮನ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದಳು. ಇಬ್ಬರೂ ಮುದುಡಿಕೊಂಡಿದ್ದರಿಂದ ಜಾಗ ಸಾಕಾಯಿತು. ಚಿಕ್ಕಮ್ಮ ಕಳಿಸಿದ ಫೋಟೊದಲ್ಲಿ ಎರಡು ವೃತ್ತಗಳು, ನಡುವೆ ಒಬ್ಬರು ನಡೆಯುವಷ್ಟು ದಾರಿ.

ಮಾತು ಬಾರದ ಗ್ರಾಹಕರು

ಕ್ಯಾಂಪಸ್ ಸಂದರ್ಶನಗಳಲ್ಲಿ ಪ್ರಾಜೆಕ್ಟ್ ಬಗ್ಗೆ ಕೇಳುತ್ತಾರೆ. ನಾವು ಸಾಮಾನ್ಯವಾಗಿ ಬಳಸಿದ ತಂತ್ರಾಂಶದ ಹೆಸರು ಹೇಳುತ್ತೇವೆ. ಯಾರಿಗಾಗಿ ಮಾಡಿದಿರಿ, ಅವರಿಗೆ ಏನು ಬೇಕೆಂದು ಹೇಗೆ ತಿಳಿದಿರಿ ಎಂದು ಕೇಳಿದರೆ ತಡವರಿಸುತ್ತೇವೆ. ಬಸ್ಸಿನ ಮೊದಲ ಮೆಟ್ಟಿಲು ಹತ್ತಲಾಗದೆ ಕಂಬಿ ಹಿಡಿದು ನಿಂತ ಅಜ್ಜಿಯನ್ನು ನಾವೆಲ್ಲ ನೋಡಿದ್ದೇವೆ. ಆ ಮೆಟ್ಟಿಲಿನ ಎತ್ತರವನ್ನೂ ಎಲ್ಲೋ ಒಬ್ಬ ಎಂಜಿನಿಯರ್ ಗೆರೆ ಎಳೆದು ನಿರ್ಧರಿಸಿದ್ದಾನೆ. ಅಜ್ಜಿ ಯಾವ ಅರ್ಜಿಯನ್ನೂ ತುಂಬುವುದಿಲ್ಲ. ನಾಯಿಯೂ ತುಂಬುವುದಿಲ್ಲ. ಬೇಕು, ಬೇಡ ಎಂದು ಬಾಯಿಬಿಟ್ಟು ಹೇಳದವರ ಅಳತೆಯನ್ನು ಅವರು ಮಲಗುವಾಗ, ತಿರುಗುವಾಗ, ಹತ್ತುವಾಗ ನೋಡಿಯೇ ತೆಗೆದುಕೊಳ್ಳಬೇಕು. ಸೀಮೆಸುಣ್ಣ, ಟೇಪು, ಸ್ವಲ್ಪ ತಾಳ್ಮೆ ಇದ್ದರೆ ಅದು ಆಗುವ ಕೆಲಸ. ನಿಮ್ಮ ಬ್ರಾಂಚ್ ಯಾವುದೇ ಇರಲಿ, ಮನೆಯಲ್ಲಿ ಒಬ್ಬರಾದರೂ ಅಂಥ ಗ್ರಾಹಕರು ಇದ್ದೇ ಇರುತ್ತಾರೆ. ಅವರಿಂದ ಶುರು ಮಾಡಿ.

ಭೀಮನಿಗೆ ಈಗ ಹನ್ನೆರಡು. ಹಲಗೆಯ ಮೇಲೆ ಅವನ ಹೆಜ್ಜೆ ಇನ್ನೂ ನಿಧಾನವಾಗಿದೆ. ಉದ್ದದ ಹಲಗೆ ಬೇಕು, ಎರಡು ಮೀಟರ್ ದಾಟಿದರೆ ಇಳಿಜಾರು ಎಷ್ಟಾಗುತ್ತದೆ ನೋಡು ಎಂದು ಚಿಕ್ಕಪ್ಪ ಮೊನ್ನೆ ಕೇಳಿದ್ದಾರೆ. 240 ಸೆಂ.ಮೀ. ಆದರೆ ಹದಿನಾಲ್ಕೂವರೆ ಡಿಗ್ರಿ. ಮಧ್ಯಕ್ಕೆ ಮಡಚುವಂತೆ ಮಾಡಿದರೆ ಓಣಿಯಲ್ಲಿ ಹಿಡಿಯುತ್ತದೆ. ಈ ವಾರ ಅದರ ಕೀಲಿನ ಡ್ರಾಯಿಂಗ್ ನಡೆಯುತ್ತಿದೆ.